ಕ್ಯಾಸ್ಲಿಂಗ್, ಕುದುರೆ ಏಟು, ಕದ್ದ ಸಿಪಾಯಿ: ನಮ್ಮ ಚೆಸ್ ಕಟ್ಟೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಗ್ಗೆ ಧಾರವಾಡದ ನಮ್ಮ ಮನೆ ಕಟ್ಟೆಯ ಮೇಲೆ ಏಳೆಂಟು ಮಕ್ಕಳು ಚೆಸ್ ಆಡಲು ಸೇರುತ್ತಾರೆ. ಇಬ್ಬರು ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿ ಬರುತ್ತಾರೆ. ನಾನು ದೊಡ್ಡ ಆಟಗಾರನೇನಲ್ಲ, ಮಕ್ಕಳಿಗಿಂತ ನಾಲ್ಕು ಹೆಜ್ಜೆ ಮುಂದೆ, ಅಷ್ಟೇ. ಮಕ್ಕಳನ್ನು ಬಿಡಲು ಬಂದ ಅಪ್ಪ ಅಮ್ಮಂದಿರು ಚಹಾ ಕುಡಿಯುತ್ತಾ ಕೇಳುವ ಪ್ರಶ್ನೆಗಳೂ ಮಕ್ಕಳು ಜಗಳವಾಡುತ್ತಾ ಕೇಳುವ ಪ್ರಶ್ನೆಗಳೂ ಹೆಚ್ಚುಕಮ್ಮಿ ಒಂದೇ. ವಾಟ್ಸಾಪ್‌ನಲ್ಲಿ ಪ್ರತಿ ಸಲ ಟೈಪ್ ಮಾಡಿ ಸಾಕಾಯಿತು. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ. ಕಾಯಿ ನಡೆಸಲು ಬರುತ್ತದೆ, ಮುಂದೇನು ಅನ್ನುವವರಿಗೆ ಇದು.

ಒಂಟೆ ಯಾವುದು, ಆನೆ ಯಾವುದು? ನಮ್ಮ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಮೂಲೆಯಲ್ಲಿ ನಿಂತು ನೇರ ಓಡುವುದು ಆನೆ. ಓರೆಯಾಗಿ ಓಡುವುದು ಒಂಟೆ. ಮಧ್ಯದಲ್ಲಿ ರಾಜ, ಅವನ ಪಕ್ಕ ರಾಣಿ. ಹಳಬರು ರಾಣಿಗೆ ಮಂತ್ರಿ ಅಂತಲೋ ವಜೀರ ಅಂತಲೋ ಹೇಳುತ್ತಾರೆ, ಸಿಪಾಯಿಗೆ ಪ್ಯಾದೆ ಅನ್ನುತ್ತಾರೆ. ಯಾವ ಹೆಸರಾದರೂ ನಡೆಯುತ್ತದೆ. ಮನೆಗಳಿಗೆ ಮಾತ್ರ ಹೆಸರು ಕಲಿಯಲೇಬೇಕು: ಬಿಳಿಯವರ ಎಡದಿಂದ ಬಲಕ್ಕೆ ಎ ಇಂದ ಎಚ್, ಕೆಳಗಿನಿಂದ ಮೇಲಕ್ಕೆ 1 ರಿಂದ 8. ಬಿಳಿ ರಾಜ ನಿಲ್ಲುವುದು ಇ1, ಕಪ್ಪು ರಾಜ ಇ8. ಮುಂದೆ ಎಲ್ಲ ಕಡೆ ಇದೇ ಲೆಕ್ಕ ಬಳಸಿದ್ದೇನೆ. ಪಕ್ಕದಲ್ಲಿ ಬೋರ್ಡು ಇಟ್ಟುಕೊಂಡು ಓದಿ.

ಕ್ಯಾಸ್ಲಿಂಗ್ ಯಾವಾಗ ಮಾಡಬಹುದು?

ರಾಜ ಆನೆಯ ಕಡೆಗೆ ಎರಡು ಮನೆ ಸರಿಯುತ್ತಾನೆ, ಆನೆ ಅವನನ್ನು ದಾಟಿ ಪಕ್ಕದ ಮನೆಗೆ ಬರುತ್ತದೆ. ಒಂದೇ ನಡೆಯಲ್ಲಿ ಎರಡು ಕಾಯಿ ಸರಿಯುವುದು ಇಡೀ ಆಟದಲ್ಲಿ ಇದೊಂದೇ. ರಾಜನಾಗಲಿ ಆ ಆನೆಯಾಗಲಿ ಅದಕ್ಕೂ ಮುಂಚೆ ಒಮ್ಮೆಯೂ ಅಲುಗಾಡಿರಬಾರದು. ನಡುವೆ ಯಾವ ಕಾಯಿಯೂ ಇರಬಾರದು. ರಾಜ ಚೆಕ್‌ನಲ್ಲಿ, ಅಂದರೆ ಎದುರಿನವರ ಏಟಿನಲ್ಲಿ, ಇರಬಾರದು, ದಾಟುವ ಮನೆಯ ಮೇಲೆ ಎದುರಿನವರ ಕಣ್ಣು ಇರಬಾರದು, ಕೂರುವ ಮನೆಯ ಮೇಲೂ ಇರಬಾರದು.

ಮೊದಲ ಹತ್ತು ನಡೆಯೊಳಗೆ ಕ್ಯಾಸ್ಲಿಂಗ್ ಮುಗಿಸಿ ಅಂತ ನಾನು ಮಕ್ಕಳಿಗೆ ಹೇಳುತ್ತೇನೆ. ಕಾಯಿ ಹೊಡೆಯುವ ಆಸೆಗೆ ರಾಜನನ್ನು ಬಯಲಲ್ಲಿ ಬಿಟ್ಟು ಸೋತ ಆಟಗಳೇ ನಮ್ಮ ಕಟ್ಟೆಯಲ್ಲಿ ಜಾಸ್ತಿ.

"ಕಾಕಾ, ಆನಿಗೆ ಏಟು ಬೀಳಾಕತ್ತೈತಿ. ಆದ್ರೂ ಕ್ಯಾಸ್ಲಿಂಗ್ ಮಾಡಬಹುದೇನ್ರಿ?"

ಮಾಡಬಹುದು. ನಿರ್ಬಂಧ ಇರುವುದು ರಾಜನಿಗೆ ಮಾತ್ರ. ರಾಣಿಯ ಕಡೆ ಕ್ಯಾಸ್ಲಿಂಗ್ ಮಾಡುವಾಗ ಆನೆ ಬಿ1 ಮನೆಯನ್ನು ದಾಟಿ ಬರುತ್ತದೆ. ಆ ಮನೆಯ ಮೇಲೆ ಎದುರಿನ ಒಂಟೆ ಕಣ್ಣಿಟ್ಟಿದ್ದರೂ ಪರವಾಗಿಲ್ಲ, ಯಾಕೆಂದರೆ ರಾಜ ಅಲ್ಲಿ ಕಾಲಿಡುವುದಿಲ್ಲ.

ಇದು ಗೊತ್ತಿಲ್ಲದಿದ್ದರೆ ನಾಚಿಕೆ ಬೇಡ. 1974ರಲ್ಲಿ ಮಾಸ್ಕೋದಲ್ಲಿ ಕಾರ್ಪೋವ್ ಎದುರು ಕ್ಯಾಂಡಿಡೇಟ್ಸ್ ಫೈನಲ್ (ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವರನ್ನು ಆರಿಸುವ ಪಂದ್ಯ) ಆಡುತ್ತಿದ್ದ ಗ್ರ್ಯಾಂಡ್‌ಮಾಸ್ಟರ್ ಕೊರ್ಚ್ನಾಯ್, 21ನೇ ಆಟದ ನಡುವೆ ಎದ್ದು ಆರ್ಬಿಟರ್ (ತೀರ್ಪುಗಾರ) ಬಳಿ ಹೋಗಿ ಇದನ್ನೇ ಕೇಳಿದರು: ಆನೆಗೆ ಏಟಿದ್ದರೆ ಕ್ಯಾಸ್ಲಿಂಗ್ ಆಗುತ್ತಾ? ಆಗುತ್ತದೆ ಅಂದರು, ಮಾಡಿದರು, ಆ ಆಟ ಗೆದ್ದರು. ಅಂಥವರೇ ಕೇಳಿರುವಾಗ ಐದನೇ ಕ್ಲಾಸಿನ ಹುಡುಗ ಕೇಳಿದರೆ ಏನಾಯ್ತು!

ಒಮ್ಮೆ ಚೆಕ್ ಬಿದ್ದರೆ ಕ್ಯಾಸ್ಲಿಂಗ್ ಹಕ್ಕು ಹೋಗುತ್ತದಂತೆ, ಹೌದಾ?

ಇಲ್ಲ. ರಾಜ ಅಲುಗಾಡದೆ, ನಡುವೆ ಇನ್ನೊಂದು ಕಾಯಿ ಇಟ್ಟೋ ಚೆಕ್ ಕೊಟ್ಟ ಕಾಯಿಯನ್ನು ಹೊಡೆದೋ ಚೆಕ್ ತಪ್ಪಿಸಿಕೊಂಡಿದ್ದರೆ ಮುಂದೆ ಧಾರಾಳವಾಗಿ ಮಾಡಬಹುದು.

ಮೊದಲು ಮುಟ್ಟಬೇಕಾದ್ದು ರಾಜನನ್ನೋ ಆನೆಯನ್ನೋ?

ರಾಜನನ್ನು. ಅದೂ ಒಂದೇ ಕೈಯಲ್ಲಿ. ಮನೆಯಲ್ಲಿ ಯಾರೂ ಕೇಳುವುದಿಲ್ಲ, ಟೂರ್ನಿಯಲ್ಲಿ ಕೇಳುತ್ತಾರೆ. ನಮ್ಮ ಹುಡುಗಿಯೊಬ್ಬಳು ಹುಬ್ಬಳ್ಳಿಯ ಒಂದು ಟೂರ್ನಿಯಲ್ಲಿ ಆನೆಯನ್ನು ಮೊದಲು ಎತ್ತಿದಳು. ಎದುರಿನ ಹುಡುಗ ತಕ್ಷಣ ಕೈ ಎತ್ತಿದ. ಮುಟ್ಟಿದ ಕಾಯಿ ನಡೆಸಲೇಬೇಕು ಅನ್ನುವ ನಿಯಮದಂತೆ ಅವಳು ಆನೆಯನ್ನಷ್ಟೇ ಸರಿಸಬೇಕಾಯಿತು. ಆ ಕಡೆಯ ಕ್ಯಾಸ್ಲಿಂಗ್ ಅಲ್ಲಿಗೆ ಮುಗಿಯಿತು. ಆರ್ಬಿಟರ್ ಮಾಡಿದ್ದು ಸರಿಯೇ. ತಪ್ಪು ನನ್ನದು, ನಾನು ಹೇಳಿಕೊಟ್ಟಿರಲಿಲ್ಲ. ಬಸ್ಸಿನಲ್ಲಿ ಧಾರವಾಡ ಮುಟ್ಟುವವರೆಗೂ ಅವಳು ನನ್ನ ಕೂಡ ಮಾತಾಡಲಿಲ್ಲ.

ನಮ್ಮ ಅಜ್ಜ ಬೇರೆ ಥರ ಆಡ್ತಿದ್ದರು. ಅದು ತಪ್ಪಾ?

ತಪ್ಪಲ್ಲ, ಹಳೆಯ ಆಟ. ನಮ್ಮ ಅಜ್ಜ ಹಾವೇರಿ ಕಡೆಯವರು, ಅವರೂ ಹಾಗೇ ಆಡುತ್ತಿದ್ದರು. ಸಿಪಾಯಿಗೆ ಮೊದಲ ನಡೆಯಲ್ಲೂ ಒಂದೇ ಮನೆ. ಕ್ಯಾಸ್ಲಿಂಗ್ ಇರಲಿಲ್ಲ. ಅದರ ಬದಲು, ಅಲ್ಲಿಯವರೆಗೆ ಚೆಕ್ ಬಿದ್ದಿರದಿದ್ದರೆ ರಾಜ ಒಂದೇ ಒಂದು ಸಲ ಕುದುರೆಯಂತೆ ಜಿಗಿಯಬಹುದಿತ್ತು. ಸಿಪಾಯಿ ಕೊನೆ ಮುಟ್ಟಿದರೆ ಆ ಸಾಲಿನಲ್ಲಿ ಮೂಲದಲ್ಲಿ ಯಾವ ಕಾಯಿ ನಿಂತಿತ್ತೋ ಅದೇ ಆಗಬೇಕು. ಕುದುರೆ ಸಾಲಿನಲ್ಲಿ ಹೋದರೆ ಕುದುರೆ, ಆನೆ ಸಾಲಿನಲ್ಲಿ ಹೋದರೆ ಆನೆ. ರಜೆಗೆ ಹೋದಾಗ ನಾನು ಸಿಪಾಯಿಯನ್ನು ಎರಡು ಮನೆ ನೂಕಿದರೆ "ಯಾಕೋ ತಮ್ಮಾ, ಅವಂಗೇನ್ ಅವಸರ?" ಅಂತ ಹಿಂದಕ್ಕೆ ಇಡುತ್ತಿದ್ದರು.

ಆಟ ಹುಟ್ಟಿದ್ದು ನಮ್ಮ ನೆಲದಲ್ಲಿ. ಗದಗ, ಹಾವೇರಿ ಸೀಮೆಯನ್ನೆಲ್ಲ ಆಳಿದ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಮನೆಯ ವಿನೋದಗಳ ನಡುವೆ ಚದುರಂಗಕ್ಕೂ ಜಾಗ ಇದೆ. ಅದೇ ಆಟ ಪರ್ಷಿಯಾ, ಅರಬ್ ನಾಡು ದಾಟಿ ಯುರೋಪಿಗೆ ಹೋಯಿತು. 15ನೇ ಶತಮಾನದ ಕೊನೆಯಲ್ಲಿ ಅಲ್ಲಿ ಮಂತ್ರಿಯನ್ನು ಎಲ್ಲ ದಿಕ್ಕಿಗೂ ಓಡುವ ರಾಣಿ ಮಾಡಿದರು. ಅದಕ್ಕೂ ಮುಂಚೆ ಆ ಕಾಯಿ ಓರೆಯಾಗಿ ಒಂದೇ ಮನೆ ಹೋಗುತ್ತಿತ್ತು. ಆಟ ಇದ್ದಕ್ಕಿದ್ದಂತೆ ಜೋರಾಯಿತು. ಅಷ್ಟು ಜೋರಿನ ರಾಣಿ ಬಂದ ಮೇಲೆ ರಾಜನನ್ನು ಬೇಗ ಒಳಗೆ ಸೇರಿಸುವ ದಾರಿ ಬೇಕಾಗುತ್ತದೆ, ಅಲ್ವಾ? ಇವತ್ತು ನಾವು ಆಡುವುದು ಹಾಗೆ ಊರು ಸುತ್ತಿ ಬಂದ ಆಟವನ್ನು. ಟೂರ್ನಿಗೆ ಹೋಗುವ ಮಗುವಿಗೆ ಇದನ್ನೇ ಕಲಿಸಿ. ಅಜ್ಜನ ಆಟವನ್ನು ಅಜ್ಜನ ಕೂಡ ಆಡಲಿ.

"ಅಣ್ಣಾ, ಇವ ನನ್ನ ಸಿಪಾಯಿ ಕದ್ದ!" ಎನ್ ಪ್ಯಾಸೆಂಟ್ ಅಂದರೆ ಏನು?

ನಮ್ಮ ಕಟ್ಟೆಯ ಅರ್ಧ ಜಗಳ ಇದರದ್ದೇ. ಹೆಸರು ಫ್ರೆಂಚಿನದು, 'ಹಾದು ಹೋಗುವಾಗ' ಅನ್ನುವ ಅರ್ಥ.

ಬಿಳಿ ಸಿಪಾಯಿ ಇ5ರಲ್ಲಿ ನಿಂತಿದೆ ಅನ್ನಿ. ಕಪ್ಪು ಸಿಪಾಯಿ ಡಿ7ರಲ್ಲಿದೆ. ಅದು ಒಂದು ಮನೆ ಬಂದು ಡಿ6ರಲ್ಲಿ ನಿಂತರೆ ಬಿಳಿ ಹೊಡೆಯಬಹುದು. ಆ ಏಟು ತಪ್ಪಿಸಿಕೊಳ್ಳಲು ಅದು ಎರಡು ಮನೆ ಹಾರಿ ಡಿ5ಕ್ಕೆ ಬಂದು ಬಿಳಿ ಸಿಪಾಯಿಯ ಮಗ್ಗುಲಲ್ಲೇ ನಿಲ್ಲುತ್ತದೆ. ಆಗ ಬಿಳಿಯವರು ಅದು ಡಿ6ರಲ್ಲೇ ನಿಂತಿದೆ ಅನ್ನುವಂತೆ ಹೊಡೆಯಬಹುದು. ಬಿಳಿ ಸಿಪಾಯಿ ಡಿ6ಕ್ಕೆ ಹೋಗುತ್ತದೆ, ಡಿ5ರ ಕಪ್ಪು ಸಿಪಾಯಿ ಬೋರ್ಡಿನಿಂದ ಹೊರಗೆ ಬರುತ್ತದೆ.

ಹೊಡೆಯುವುದಾದರೆ ಮರುನಡೆಯಲ್ಲೇ ಹೊಡೆಯಬೇಕು. ಒಂದು ನಡೆ ಬಿಟ್ಟರೆ ಆ ಸಿಪಾಯಿಯ ಮೇಲಿನ ಹಕ್ಕು ಹೋಯಿತು. ಹೀಗೆ ಹೊಡೆಯುವುದು ಸಿಪಾಯಿ ಮಾತ್ರ, ಹೊಡೆಸಿಕೊಳ್ಳುವುದೂ ಸಿಪಾಯಿ ಮಾತ್ರ. ಕಡ್ಡಾಯವೇನಲ್ಲ. ಬೇರೆ ಯಾವ ನಡೆಯೂ ಉಳಿದಿಲ್ಲದಿದ್ದರೆ ಮಾತ್ರ ಮಾಡಲೇಬೇಕು.

ನೋಡಲು ಮೋಸದಂತೆ ಕಾಣುತ್ತದೆ, ನಿಜ. ಆದರೆ ಯೋಚಿಸಿ: ಅಜ್ಜನ ಆಟದಲ್ಲಿ ಸಿಪಾಯಿ ಒಂದೊಂದೇ ಹೆಜ್ಜೆ ಇಡುತ್ತಿತ್ತು, ಎದುರಿನ ಸಿಪಾಯಿಗೆ ಮುಖ ತೋರಿಸದೆ ಮುಂದೆ ಹೋಗಲು ಆಗುತ್ತಿರಲಿಲ್ಲ. ಎರಡು ಮನೆಯ ನೆಗೆತ ಬಂದ ಮೇಲೆ ಹಾಗೆ ನುಸುಳಿಕೊಳ್ಳುವವರಿಗೆ ಒಂದು ಚೆಕ್‌ಪೋಸ್ಟ್ ಬೇಕಾಯಿತು.

ಸಿಪಾಯಿ ಕೊನೆ ಮನೆ ಮುಟ್ಟಿತು. ರಾಣಿ ಇನ್ನೂ ಬೋರ್ಡಿನ ಮೇಲೇ ಇದ್ದಾಳೆ. ಇನ್ನೊಬ್ಬಳು ಬರಬಹುದಾ?

ಬರಬಹುದು. ಸತ್ತ ಕಾಯಿಗಳಲ್ಲೇ ಆರಿಸಬೇಕು ಅನ್ನುವುದು ನಮ್ಮ ಓಣಿಯ ನಿಯಮ, ಚೆಸ್‌ನದ್ದಲ್ಲ. ರಾಣಿ, ಆನೆ, ಒಂಟೆ, ಕುದುರೆ, ನಾಲ್ಕರಲ್ಲಿ ಯಾವುದು ಬೇಕಾದರೂ ಆಗಬಹುದು. ಒಂದು ಎಚ್ಚರಿಕೆ: ಮನೆಯಲ್ಲಿ ಎರಡನೇ ರಾಣಿ ಸಿಗದಿದ್ದಾಗ ಆನೆಯನ್ನು ತಲೆಕೆಳಗಾಗಿ ಇಟ್ಟು ರಾಣಿ ಅನ್ನುತ್ತೇವಲ್ಲ, ಟೂರ್ನಿಯಲ್ಲಿ ಅದು ಆನೆಯೇ. ಗಡಿಯಾರ ನಿಲ್ಲಿಸಿ ಆರ್ಬಿಟರ್ ಹತ್ತಿರ ರಾಣಿ ಕೇಳಿ ಪಡೆಯಿರಿ.

ರಾಣಿ ಸಿಗುವಾಗ ಕುದುರೆ ಯಾರು ತಗೋತಾರೆ?

ನಾನೂ ಹಾಗೇ ಕೇಳಿದ್ದೆ. ಈ ಆಟ ಬೋರ್ಡಿನ ಮೇಲೆ ಇಟ್ಟು ನೋಡಿ. ಬಿಳಿ ಸಿಪಾಯಿ ಡಿ4, ಕಪ್ಪು ಸಿಪಾಯಿ ಡಿ5. ಬಿಳಿ ಸಿ4, ಕಪ್ಪು ಇ5. ಬಿಳಿ ಇ5ರ ಸಿಪಾಯಿಯನ್ನು ಹೊಡೆಯುತ್ತದೆ, ಕಪ್ಪು ತನ್ನ ಸಿಪಾಯಿಯನ್ನು ಡಿ4ಕ್ಕೆ ನೂಕುತ್ತದೆ. ಈಗ ಬಿಳಿ ಇ3 ಆಡಿದರೆ ಕೆಟ್ಟಿತು. ಕಪ್ಪು ಒಂಟೆ ಬಿ4ಕ್ಕೆ ಬಂದು ಚೆಕ್ ಕೊಡುತ್ತದೆ, ಬಿಳಿ ಒಂಟೆ ಡಿ2ಕ್ಕೆ ಬಂದು ತಡೆಯುತ್ತದೆ. ಕಪ್ಪು ತನ್ನ ಒಂಟೆಯ ಗೊಡವೆಗೇ ಹೋಗದೆ ಇ3ರ ಸಿಪಾಯಿಯನ್ನು ಹೊಡೆಯುತ್ತದೆ. ಪುಕ್ಕಟೆ ಸಿಕ್ಕಿತು ಅಂತ ಬಿಳಿ ಬಿ4ರ ಒಂಟೆಯನ್ನು ಹೊಡೆದರೆ, ಕಪ್ಪು ಸಿಪಾಯಿ ಎಫ್2ರಲ್ಲಿ ಹೊಡೆದು ಚೆಕ್. ರಾಜ ಇ2ಕ್ಕೆ. ಆಗ ಸಿಪಾಯಿ ಜಿ1ರ ಕುದುರೆಯನ್ನು ಹೊಡೆದು ತಾನೇ ಕುದುರೆಯಾಗುತ್ತದೆ. ಮತ್ತೆ ಚೆಕ್!

ಅಲ್ಲಿ ರಾಣಿ ಮಾಡಿದ್ದರೆ ಚೆಕ್ ಬೀಳುತ್ತಿರಲಿಲ್ಲ. ಬಿಳಿ ರಾಣಿ ಡಿ8ರಲ್ಲಿ ಕಪ್ಪು ರಾಣಿಯನ್ನು ಹೊಡೆದು ಚೆಕ್ ಕೊಟ್ಟು, ಆಮೇಲೆ ಜಿ1ರ ಹೊಸ ರಾಣಿಯನ್ನೂ ಆನೆಯಿಂದ ಹೊಡೆದು ಪಾರಾಗುತ್ತಿತ್ತು. ಕುದುರೆಯ ಚೆಕ್‌ನಿಂದ ಬಿಳಿಗೆ ಅಷ್ಟು ಹೊತ್ತು ಸಿಗುವುದಿಲ್ಲ. ಆ ಕುದುರೆಯನ್ನು ಆನೆ ಹೊಡೆದರೆ ಕಪ್ಪು ಒಂಟೆ ಜಿ4ಕ್ಕೆ ಬಂದು ಚೆಕ್ ಕೊಡುತ್ತದೆ, ರಾಜನ ಬೆನ್ನ ಹಿಂದೆ ಡಿ1ರಲ್ಲಿ ರಾಣಿ! ಇದಕ್ಕೆ ಲಾಸ್ಕರ್ ಬಲೆ ಅನ್ನುತ್ತಾರೆ. 1894ರಿಂದ 1921ರವರೆಗೆ ವಿಶ್ವ ಚಾಂಪಿಯನ್ ಆಗಿದ್ದ ಎಮಾನುಯೆಲ್ ಲಾಸ್ಕರ್ ಹೆಸರು. ನಮ್ಮ ಮಕ್ಕಳು ಇದನ್ನು ಒಂದು ಇಡೀ ಭಾನುವಾರ ಆಡಿ ಆಡಿ ನೋಡಿದರು.

ತಂತ್ರಗಳಲ್ಲಿ ಮೊದಲು ಯಾವುದು ಕಲಿಸಬೇಕು?

ಯಾವ ತಂತ್ರವೂ ಬೇಡ, ಮೊದಲು ಒಂದು ಅಭ್ಯಾಸ. ಎದುರಿನವರು ಕಾಯಿ ಇಟ್ಟ ಕೂಡಲೇ "ಇವರು ಇದನ್ನು ಯಾಕೆ ಇಟ್ಟರು? ಈಗ ನನ್ನದು ಯಾವುದು ಅನಾಥ?" ಅಂತ ಕೇಳಿಕೊಳ್ಳುವುದು. ಅನಾಥ ಅಂದರೆ ಕಾವಲಿಲ್ಲದ ಕಾಯಿ. ಕೆಳಗೆ ಬರುವ ತಂತ್ರಗಳಲ್ಲಿ ಹೆಚ್ಚಿನವು ಅನಾಥ ಕಾಯಿಯ ಮೇಲೆ ಅಥವಾ ಬಯಲಿನ ರಾಜನ ಮೇಲೆ ನಡೆಯುವಂಥವು. ಅವೆರಡೂ ಇಲ್ಲದ ಕಡೆ ತಂತ್ರ ಹುಡುಕುತ್ತಾ ಕೂರುವುದು ವ್ಯರ್ಥ.

ಹೊಡೆದಾಟದ ಲೆಕ್ಕಕ್ಕೆ ಬೆಲೆ ನೆನಪಿರಲಿ: ಸಿಪಾಯಿ 1, ಕುದುರೆ 3, ಒಂಟೆ 3, ಆನೆ 5, ರಾಣಿ 9.

ಫೋರ್ಕ್ ಅಂದರೆ?

ಅತ್ತ ದರಿ, ಇತ್ತ ಪುಲಿ. ಒಂದೇ ಕಾಯಿ ಎರಡು ಕಾಯಿಗಳ ಮೇಲೆ ಒಟ್ಟಿಗೆ ಬೀಳುವುದು. ಎದುರಿನವರಿಗೆ ಇರುವುದು ಒಂದೇ ನಡೆ, ಒಂದನ್ನು ಉಳಿಸಿಕೊಂಡರೆ ಇನ್ನೊಂದು ಹೋಯಿತು.

ಇದರಲ್ಲಿ ಕುದುರೆಯೇ ಯಜಮಾನ. ಬಿಳಿ ಕುದುರೆ ಡಿ5ರಲ್ಲಿದೆ, ಕಪ್ಪು ರಾಜ ಇ8ರಲ್ಲಿ, ಆನೆ ಎ8ರಲ್ಲಿ, ಸಿ7ಕ್ಕೆ ಕಾವಲಿಲ್ಲ ಅನ್ನಿ. ಕುದುರೆ ಸಿ7ಕ್ಕೆ ಜಿಗಿದರೆ ರಾಜನಿಗೆ ಚೆಕ್, ಆನೆಗೂ ಏಟು. ಕುದುರೆ ಜಿ5ರಲ್ಲಿದ್ದು, ಎಫ್7ಕ್ಕೆ ತನ್ನವರ ಕಾವಲಿದ್ದರೆ, ಅಲ್ಲಿಗೆ ಹೋದಾಗ ಡಿ8ರ ರಾಣಿ, ಎಚ್8ರ ಆನೆ ಎರಡಕ್ಕೂ ಏಟು. ಒಂದು ಗುಟ್ಟು: ಕುದುರೆ ಬಿಳಿ ಮನೆಯಿಂದ ಹೊಡೆಯುವುದು ಕಪ್ಪು ಮನೆಗಳನ್ನು, ಕಪ್ಪಿನಿಂದ ಬಿಳಿಯನ್ನು. ಹಾಗಾಗಿ ಅದು ಒಟ್ಟಿಗೆ ಹಿಡಿಯುವ ಎರಡು ಕಾಯಿಗಳು ಯಾವಾಗಲೂ ಒಂದೇ ಬಣ್ಣದ ಮನೆಯಲ್ಲಿ ಇರುತ್ತವೆ. ನಿಮ್ಮ ರಾಜ, ರಾಣಿ ಒಂದೇ ಬಣ್ಣದ ಮನೆಯಲ್ಲಿದ್ದು ಎದುರಿನ ಕುದುರೆ ಹತ್ತಿರದಲ್ಲಿದ್ದರೆ ಎದ್ದು ಕೂರಿ.

ಸಿಪಾಯಿಯ ಫೋರ್ಕ್ ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಕ್ರೂರ. 1 ರೂಪಾಯಿ ಹಾಕಿ 3 ರೂಪಾಯಿಯ ಎರಡು ಕಾಯಿಗಳನ್ನು ಹೆದರಿಸಿದಂತೆ.

ಪಿನ್ ಮತ್ತು ಸ್ಕ್ಯೂವರ್ ಒಂದೇನಾ?

ಸಾಲು ಒಂದೇ, ನಿಂತ ಕ್ರಮ ಉಲ್ಟಾ. ಪಿನ್‌ನಲ್ಲಿ ಮುಂದೆ ಸಣ್ಣ ಕಾಯಿ, ಹಿಂದೆ ದೊಡ್ಡದು. ಸಣ್ಣದು ಸರಿದರೆ ದೊಡ್ಡದಕ್ಕೆ ಏಟು. ಸ್ಕ್ಯೂವರ್‌ನಲ್ಲಿ ದೊಡ್ಡದೇ ಮುಂದೆ. ಅದು ಓಡಿದರೆ ಹಿಂದಿನದು ಸಿಕ್ಕಿಬೀಳುತ್ತದೆ. ಲಾಸ್ಕರ್ ಬಲೆಯ ಕೊನೆಯಲ್ಲಿ ಜಿ4ರ ಒಂಟೆ ಮಾಡಿದ್ದು ಅದನ್ನೇ.

ಪಿನ್ ಆದ ಕಾಯಿಯ ಹಿಂದೆ ರಾಜನೇ ಇದ್ದರೆ ಆ ಸಾಲು ಬಿಟ್ಟು ಸರಿಯುವಂತಿಲ್ಲ, ನಿಯಮವೇ ಬಿಡುವುದಿಲ್ಲ. ಹಿಂದೆ ರಾಣಿ ಇದ್ದರೆ ಸರಿಯಬಹುದು, ನಷ್ಟಕ್ಕೆ ನೀವೇ ಹೊಣೆ. ಪಿನ್ ಮಾಡಿ ಸುಮ್ನೆ ಕೂರಬೇಡಿ. ಕಟ್ಟಿಹಾಕಿದ ಕಾಯಿಯ ಮೇಲೆ ಒಂದು ಸಿಪಾಯಿ ಬಿಡಿ, ಓಡಲಾಗದೆ ಸಿಗುತ್ತದೆ.

ಪಿನ್ ಆದ ಕಾಯಿ ಚೆಕ್ ಕೊಡಬಹುದಾ?

ಕೊಡುತ್ತದೆ. ಅದು ಕಣ್ಣಿಟ್ಟ ಮನೆಗೆ ನಿಮ್ಮ ರಾಜ ಹೋಗುವಂತಿಲ್ಲ. "ಅದು ಹೆಂಗೂ ಅಲುಗಾಡಂಗಿಲ್ಲಲ್ಲ" ಅನ್ನುವ ವಾದ ನಡೆಯುವುದಿಲ್ಲ.

ಹಿಂದೆ ರಾಣಿ ಇದ್ದಾಗ ಪಿನ್ ಆದ ಕಾಯಿ ಸರಿಸಲೇಬಾರದಾ?

ರಾಣಿ ಹೋದರೂ ಎದುರಿನ ರಾಜ ಸಿಗುವುದಾದರೆ ಸರಿಸಿ! ಬಿಳಿ ಸಿಪಾಯಿ ಇ4, ಕಪ್ಪು ಸಿಪಾಯಿ ಇ5. ಬಿಳಿ ಕುದುರೆ ಎಫ್3, ಕಪ್ಪು ಸಿಪಾಯಿ ಡಿ6. ಬಿಳಿ ಒಂಟೆ ಸಿ4, ಕಪ್ಪು ಒಂಟೆ ಜಿ4. ಎಫ್3ರ ಕುದುರೆ ಈಗ ರಾಣಿಗೆ ಅಡ್ಡ ನಿಂತಿದೆ. ಬಿಳಿಯ ಇನ್ನೊಂದು ಕುದುರೆ ಸಿ3, ಕಪ್ಪು ಸಿಪಾಯಿ ಜಿ6. ಆಗ ಕಟ್ಟಿಹಾಕಿದ್ದ ಕುದುರೆಯೇ ಇ5ರ ಸಿಪಾಯಿಯನ್ನು ಹೊಡೆಯುತ್ತದೆ. ಕಪ್ಪು ಆಸೆಗೆ ಬಿದ್ದು ಡಿ1ರ ರಾಣಿಯನ್ನು ಹೊಡೆದರೆ ಬಿಳಿ ಒಂಟೆ ಎಫ್7ರಲ್ಲಿ ಚೆಕ್, ರಾಜ ಇ7ಕ್ಕೆ, ಕುದುರೆ ಡಿ5ಕ್ಕೆ. ಚೆಕ್‌ಮೇಟ್. 18ನೇ ಶತಮಾನದ ಫ್ರೆಂಚ್ ಆಟಗಾರ ಲೆಗಾಲ್ ಹೆಸರಿನಲ್ಲಿ ಇದು ಪ್ರಸಿದ್ಧ. ಕಪ್ಪು ರಾಣಿಯ ಆಸೆ ಬಿಟ್ಟು ಇ5ರ ಕುದುರೆಯನ್ನು ಹೊಡೆದರೆ? ಬಿಳಿ ರಾಣಿ ಜಿ4ರ ಒಂಟೆಯನ್ನು ಹೊಡೆಯುತ್ತದೆ, ಒಂದು ಸಿಪಾಯಿ ಲಾಭ.

ಡಬಲ್ ಚೆಕ್ ಬಂದರೆ ಏನು ಮಾಡಬೇಕು?

ರಾಜನೇ ಓಡಬೇಕು. ಒಂದು ಕಾಯಿ ಸರಿದಾಗ ಹಿಂದಿನ ಕಾಯಿಯ ಚೆಕ್ ತೆರೆದುಕೊಂಡು, ಸರಿದ ಕಾಯಿಯೂ ಚೆಕ್ ಕೊಟ್ಟರೆ ಡಬಲ್. ಎರಡನ್ನೂ ಒಂದೇ ನಡೆಯಲ್ಲಿ ಹೊಡೆಯಲು ಆಗುವುದಿಲ್ಲ, ಅಡ್ಡ ನಿಲ್ಲಲೂ ಆಗುವುದಿಲ್ಲ.

ಇದರ ಅತಿ ಚೆಂದದ ರೂಪ ಉಸಿರುಗಟ್ಟಿಸುವ ಮೇಟ್. ಕಪ್ಪು ರಾಜ ಜಿ8ರಲ್ಲಿ, ಆನೆ ಎಫ್8ರಲ್ಲಿ, ಸಿಪಾಯಿಗಳು ಜಿ7, ಎಚ್7. ಬಿಳಿ ರಾಣಿ ಸಿ4ರಲ್ಲಿ, ಕುದುರೆ ಎಫ್7ರಲ್ಲಿ. ಕುದುರೆ ಎಚ್6ಕ್ಕೆ ಹಾರಿದರೆ ಡಬಲ್ ಚೆಕ್, ರಾಜ ಎಚ್8ಕ್ಕೆ. ಈಗ ಬಿಳಿ ರಾಣಿ ಜಿ8ಕ್ಕೇ ನುಗ್ಗುತ್ತಾಳೆ! ಕುದುರೆಯ ಕಾವಲಿದೆ, ರಾಜ ಹೊಡೆಯುವಂತಿಲ್ಲ, ಆನೆಯೇ ಹೊಡೆಯಬೇಕು. ಕುದುರೆ ಮತ್ತೆ ಎಫ್7ಕ್ಕೆ ಬಂದರೆ ಮೇಟ್. ರಾಜ ತನ್ನವರ ನಡುವೆಯೇ ಸಿಕ್ಕಿಹಾಕಿಕೊಂಡ. ಈ ಆಟ 1497ರಲ್ಲಿ ಸ್ಪೇನ್‌ನಲ್ಲಿ ಅಚ್ಚಾದ ಲೂಸೆನಾನ ಪುಸ್ತಕದಲ್ಲೇ ಇದೆ.

ಶಾಲೆಯಲ್ಲಿ ಎಲ್ಲರೂ ನಾಲ್ಕೇ ನಡೆಯಲ್ಲಿ ಸೋಲಿಸ್ತಾರೆ. ತಡೆಯೋದು ಹೇಗೆ?

ಬಿಳಿ ಇ4, ರಾಣಿ ಎಚ್5, ಒಂಟೆ ಸಿ4, ಆಮೇಲೆ ರಾಣಿ ಎಫ್7ರಲ್ಲಿ ಮೇಟ್. ಇದೇ ತಾನೇ? ಇ5 ಆಡಿ, ರಾಣಿ ಬಂದಾಗ ಬಿ8ರ ಕುದುರೆಯನ್ನು ಸಿ6ಕ್ಕೆ ತಂದು ಇ5 ಕಾಯಿರಿ. ಒಂಟೆ ಬಂದ ಕೂಡಲೇ ಜಿ6 ಆಡಿ ರಾಣಿಯನ್ನು ಓಡಿಸಿ. ಅವಳು ಎಫ್3ಕ್ಕೆ ಹೋಗಿ ಮತ್ತೆ ಎಫ್7 ನೋಡಿದರೆ ಕುದುರೆ ಎಫ್6ಕ್ಕೆ. ಅಷ್ಟೇ. ನಮ್ಮ ಕಟ್ಟೆಯಲ್ಲಿ ಈ ಮೇಟ್ ಹಾಕುವುದು ನಿಷೇಧ. ಗೆಲ್ಲುವ ಚಟ ಹತ್ತುತ್ತದೆ, ಆಟ ಕಲಿಯುವುದಿಲ್ಲ.

ಆಟ ಪೂರಾ ನನ್ನ ಕೈಯಲ್ಲಿತ್ತು, ಇದ್ದಕ್ಕಿದ್ದಂತೆ ಆನೆ ಬಂದು ಮೇಟ್ ಆಯ್ತು!

ರಾಜ ಜಿ8ರಲ್ಲಿ, ಮುಂದೆ ಮೂರು ಸಿಪಾಯಿ ಗೋಡೆಯಂತೆ, ನಿಮ್ಮ ಆನೆಗಳೆಲ್ಲ ಊರಾಚೆ. ಎದುರಿನ ಆನೆ ಕೊನೆಯ ಅಡ್ಡಸಾಲಿಗೆ ಬಂತು. ಸಮಯ ಇದ್ದಾಗ ಎಚ್ ಸಿಪಾಯಿಯನ್ನು ಒಂದು ಮನೆ ಸರಿಸಿ ಹಿತ್ತಲ ಬಾಗಿಲು ತೆಗೆದಿಡಿ.

ಎದುರಿನವನ ಹತ್ತಿರ ರಾಜ ಒಬ್ಬನೇ, ನನ್ನ ಹತ್ತಿರ ರಾಣಿ. ಆದರೂ ಡ್ರಾ ಅಂತಾರೆ, ಯಾಕೆ?

ಸ್ಟೇಲ್‌ಮೇಟ್. ರಾಜನಿಗೆ ಚೆಕ್ ಇಲ್ಲ, ಆದರೆ ನಡೆಯಲು ಮನೆಯೂ ಇಲ್ಲ. ಮೂಲೆ ಎಚ್8ರಲ್ಲಿ ಒಂಟಿ ರಾಜ, ನಿಮ್ಮ ರಾಣಿ ಜಿ6ರಲ್ಲಿ, ಸರದಿ ಅವನದು. ಡ್ರಾ. ನೆನಪಿಡಲು ಸುಲಭ: ಮೂಲೆಯ ರಾಜನಿಂದ ನಿಮ್ಮ ರಾಣಿ ಕುದುರೆ ನಡೆಯಷ್ಟು ದೂರ ನಿಂತರೆ ಕೆಟ್ಟಿತು. ಗೆದ್ದ ಆಟವನ್ನು ಹೀಗೆ ಕೈಬಿಟ್ಟ ಮಗು ಅವತ್ತು ಮಿರ್ಚಿ ಕೊಟ್ಟರೂ ತಿನ್ನುವುದಿಲ್ಲ.

ದೊಡ್ಡ ಆಟಗಾರರು ಇಂಥ ಸಣ್ಣ ತಪ್ಪು ಮಾಡ್ತಾರಾ?

2024ರ ಡಿಸೆಂಬರ್ 12, ಸಿಂಗಪುರ. ವಿಶ್ವ ಚಾಂಪಿಯನ್‌ಷಿಪ್‌ನ 14ನೇ ಆಟ, ನಮ್ಮ ಗುಕೇಶ್, ಚೀನಾದ ಡಿಂಗ್ ಲಿರೆನ್ ಇಬ್ಬರದೂ 6.5 ಅಂಕ. ಗುಕೇಶ್ ಬಳಿ ಒಂದು ಸಿಪಾಯಿ ಹೆಚ್ಚಿತ್ತು, ಆದರೂ ಆಟ ಡ್ರಾ ಕಡೆಗೆ ಸಾಗಿತ್ತು. 55ನೇ ನಡೆಯಲ್ಲಿ ಡಿಂಗ್ ಲಿರೆನ್ ಆನೆಯನ್ನು ಎಫ್2ಕ್ಕೆ ಇಟ್ಟರು. ಅವರ ಒಂಟೆ ದೂರದ ಮೂಲೆ ಎ8ರಲ್ಲಿತ್ತು. ಗುಕೇಶ್ ಆನೆಗೆ ಆನೆ ಹೊಡೆದು, ಒಂಟೆಯನ್ನು ಡಿ5ಕ್ಕೆ ಇಟ್ಟರು. ಮೂಲೆಯ ಒಂಟೆಗೆ ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ, ಅದೂ ಬದಲಾಯಿತು. ಉಳಿದದ್ದು ಸಿಪಾಯಿಗಳ ಲೆಕ್ಕ, ಅದರಲ್ಲಿ ಗುಕೇಶ್ ಮುಂದೆ. 18ರ ಹುಡುಗ ವಿಶ್ವ ಚಾಂಪಿಯನ್ ಆದ. ಅಲ್ಲಿ ಬಲಿದಾನ ಇರಲಿಲ್ಲ, ಫೋರ್ಕ್ ಇರಲಿಲ್ಲ. ಎದುರಿನವರು ಕಾಯಿ ಇಟ್ಟಾಗ ಯಾಕೆ ಇಟ್ಟರು ಅಂತ ನೋಡಿದರು, ಮೂಲೆಯ ಒಂಟೆ ಕಂಡಿತು.

ಮೊಬೈಲ್‌ನಲ್ಲಿ ಕಲಿತರೆ ಸಾಕಾ?

ಪಜಲ್‌ಗೆ ಮೊಬೈಲ್ ಒಳ್ಳೆಯದು. ಲಿಚೆಸ್ ಆ್ಯಪ್‌ನಲ್ಲಿ ಪುಕ್ಕಟೆ ಸಿಗುತ್ತವೆ, ಜಾಹೀರಾತಿನ ಕಾಟವೂ ಇಲ್ಲ. ದಿನಕ್ಕೆ ಹತ್ತು ಸಾಕು, ಆದರೆ ಉತ್ತರ ಪೂರ್ತಿ ಕಾಣುವವರೆಗೆ ಬೆರಳು ಇಡಬಾರದು. ಆಟ ಮಾತ್ರ ಬೋರ್ಡಿನ ಮೇಲೆ ಆಡಲಿ. ಮೊಬೈಲ್ ತಪ್ಪು ನಡೆಯನ್ನು ಇಡಲು ಬಿಡುವುದೇ ಇಲ್ಲ, ಹಾಗಾಗಿ ನಿಯಮ ತಲೆಗೆ ಹತ್ತುವುದಿಲ್ಲ. ಆನೆ ಮೊದಲು ಎತ್ತಿದ ನಮ್ಮ ಹುಡುಗಿ ಕಲಿತದ್ದು ಮೊಬೈಲ್‌ನಲ್ಲೇ.

ಭಾನುವಾರ ಮಳೆ ಬಂದರೆ ಆಟ ಇರುತ್ತಾ?

ಇರುತ್ತದೆ, ಪಡಸಾಲೆಯಲ್ಲಿ. ಧಾರವಾಡದ ಮಳೆಗೆ ಹೆದರಿದರೆ ಜುಲೈ ಪೂರಾ ರಜೆಯೇ. ಬೋರ್ಡು ನಾಲ್ಕೇ ಇವೆ, ನಿಮ್ಮಲ್ಲಿದ್ದರೆ ಒಂದು ತನ್ನಿ. ಹೆಚ್ಚುವರಿ ರಾಣಿ ಇದ್ದರೆ ಅದನ್ನೂ.